ಬೆಳಕು ಬೆಳೆಯಿತು, ಮೈಕಟ್ಟು ಸೊರಗಿತು

ಎರಡು ಸೆಲ್ಲಿನ ಹಳೆಯ ಹಿತ್ತಾಳೆ ಟಾರ್ಚನ್ನೂ ಈಗಿನ ಪ್ಲಾಸ್ಟಿಕ್ ಚಾರ್ಜಿಂಗ್ ಟಾರ್ಚನ್ನೂ ಎರಡು ಕೈಯಲ್ಲಿ ಹಿಡಿದು ನೋಡಿದವರು ತೀರ್ಪು ಕೊಡಲು ತಡಮಾಡುವುದಿಲ್ಲ. ಹಳೆಯದು ಗಟ್ಟಿ, ಹೊಸದು ಟೊಳ್ಳು. ಅದೇ ಎರಡನ್ನು ಕತ್ತಲೆಯ ತೋಟಕ್ಕೆ ಕೊಂಡೊಯ್ದರೆ ತೀರ್ಪು ತಿರುವುಮುರುವಾಗುತ್ತದೆ. ಹಳೆಯದರ ಹಳದಿ ಬೆಳಕು ಹತ್ತಾರು ಹೆಜ್ಜೆ ದಾಟುವುದರೊಳಗೆ ಸೋತುಹೋಗುತ್ತದೆ, ಹೊಸದು ಅಡಿಕೆ ಮರದ ತುದಿಯ ಗೊನೆಯನ್ನೂ ತೋರಿಸುತ್ತದೆ. ಎರಡೂ ತೀರ್ಪುಗಳು ನಿಜವೇ. ಟಾರ್ಚಿನ ಬೆಳಕು ಇಷ್ಟೊಂದು ಮುಂದುವರಿದ ಕಾಲದಲ್ಲಿ ಅದರ ಮೈಕಟ್ಟು ಮಾತ್ರ ಯಾಕೆ ಹಿಂದಕ್ಕೆ ಬಂತು ಎಂಬುದನ್ನು ಇಲ್ಲಿ ಬಿಡಿಸಿ ನೋಡಬೇಕಾಗಿದೆ.

ಇಷ್ಟು ಸಣ್ಣ ವಸ್ತುವಿನ ಬಗ್ಗೆ ಇಷ್ಟು ಚಿಂತೆ ಯಾಕೆ ಎಂದು ಪಟ್ಟಣದವರು ಕೇಳಬಹುದು. ಅವರ ಜೇಬಿನ ಮೊಬೈಲಿನಲ್ಲೇ ಒಂದು ದೀಪ ಇದೆ. ಆದರೆ ಪಂಪ್‌ಸೆಟ್ಟಿಗೆ ತ್ರೀಫೇಸ್ ಕರೆಂಟು ರಾತ್ರಿ ಪಾಳಿಯಲ್ಲಿ ಬರುವ ಊರುಗಳಲ್ಲಿ ರೈತ ನೀರು ಕಟ್ಟಲು ರಾತ್ರಿಯೇ ಹೊಲಕ್ಕೆ ಇಳಿಯಬೇಕು. ಮಲೆನಾಡಿನ ಮಳೆಗಾಲದಲ್ಲಿ ಮರ ಬಿದ್ದು ಲೈನು ಹೋದರೆ ಲೈನ್‌ಮನ್ ಹುಡುಕಿಕೊಂಡು ಹೊರಡುವುದೂ ಟಾರ್ಚಿನ ಬಲದಿಂದಲೇ. 2020ರಲ್ಲಿ ಪ್ರಕಟವಾದ ಅಧ್ಯಯನವೊಂದರ ಅಂದಾಜಿನಂತೆ 2000ದಿಂದ 2019ರವರೆಗೆ ಭಾರತದಲ್ಲಿ ಹಾವು ಕಡಿದು ಸತ್ತವರು ಸುಮಾರು 12 ಲಕ್ಷ. ವರ್ಷಕ್ಕೆ ಸರಾಸರಿ 58,000. ಕರ್ನಾಟಕ ಸರ್ಕಾರ 2024ರ ಫೆಬ್ರುವರಿಯಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣ ಎಂದು ಘೋಷಿಸಿತು. ಬದುವಿನ ಮೇಲೆ ಕಾಲಿಡುವ ಮುನ್ನ ಗುಂಡಿ ಒತ್ತಿದರೆ ದೀಪ ಹತ್ತುತ್ತದೋ ಇಲ್ಲವೋ ಎಂಬುದು ಅಲ್ಲಿ ಜೀವದ ಪ್ರಶ್ನೆ.

ಟಾರ್ಚು ಹುಟ್ಟುವಾಗಲೇ ಗಟ್ಟಿಯಾಗಿ ಹುಟ್ಟಿದ್ದಲ್ಲ. ಡೇವಿಡ್ ಮಿಸೆಲ್ ಎಂಬ ಇಂಗ್ಲಿಷ್ ಸಂಶೋಧಕನಿಗೆ 1899ರ ಜನವರಿಯಲ್ಲಿ ಅಮೆರಿಕದ ಪೇಟೆಂಟ್ ಸಿಕ್ಕ ಕೈದೀಪದ ಮೈ ಕಾಗದ ಮತ್ತು ನಾರಿನ ಕೊಳವೆ. ಒಳಗೆ ಒಂದರ ಹಿಂದೆ ಒಂದು ಸೆಲ್ಲು, ತುದಿಗೆ ಸಣ್ಣ ಬಲ್ಬು, ಬಲ್ಬಿನ ಹಿಂದೆ ಒರಟಾದ ಹಿತ್ತಾಳೆಯ ಬೋಗುಣಿ. ಕಾನ್ರಾಡ್ ಹ್ಯೂಬರ್ಟ್‌ನ ಕಂಪನಿ ಅದನ್ನು ತಯಾರಿಸಿ ನ್ಯೂಯಾರ್ಕ್ ಪೊಲೀಸರಿಗೆ ಕೊಟ್ಟು ಪ್ರಚಾರ ಪಡೆಯಿತು. ಆಗಿನ ಸೆಲ್ಲುಗಳ ಬಲಕ್ಕೆ ದೀಪ ಒಂದೇ ಸಮನೆ ಉರಿಯುತ್ತಿರಲಿಲ್ಲ. ಒಮ್ಮೆ ಬೆಳಗಿಸಿ, ಸೆಲ್ಲಿಗೆ ವಿಶ್ರಾಂತಿ ಕೊಟ್ಟು, ಮತ್ತೆ ಬೆಳಗಿಸಬೇಕಿತ್ತು. ಈ ವ್ಯವಹಾರದಿಂದ ಬೆಳೆದ ‘ಎವರೆಡಿ’ ಹೆಸರು ಮುಂದೆ ನಮ್ಮ ದೇಶದಲ್ಲೂ ನೆಲೆಯೂರಿತು. ಅದರ ಟಾರ್ಚ್ ಕಾರ್ಖಾನೆ 1958ರಲ್ಲಿ ಲಖನೌದಲ್ಲಿ ಶುರುವಾಯಿತು. ಅಲಹಾಬಾದಿನ ಜೀಪ್ ಟಾರ್ಚುಗಳೂ ಆ ಕಾಲದವರಿಗೆ ಗೊತ್ತು. ಹಿತ್ತಾಳೆಯ ಮೇಲೆ ಹೊಳೆಯುವ ಲೇಪ ಹೊತ್ತ ಈ ಟಾರ್ಚುಗಳೇ ನಮ್ಮ ಅಜ್ಜಂದಿರ ದಿಂಬಿನ ಪಕ್ಕ ಇರುತ್ತಿದ್ದವು.

ಆ ಹಿತ್ತಾಳೆ ಟಾರ್ಚಿನ ಕಟ್ಟುವ ಕ್ರಮ ಸರಳ. ತೆಳು ಹಿತ್ತಾಳೆ ತಗಡನ್ನು ಅಚ್ಚಿನಲ್ಲಿ ಒತ್ತಿ ಎಳೆದು ಕೊಳವೆ ಮಾಡುತ್ತಾರೆ. ಅದರ ಎರಡು ತುದಿಗೂ ಥ್ರೆಡ್ ಒತ್ತಿ, ಮೇಲೆ ನಿಕ್ಕಲ್ ಅಥವಾ ಕ್ರೋಮ್ ಲೇಪ ಕೊಡುತ್ತಾರೆ. ಬುಡದ ಮುಚ್ಚಳದಲ್ಲಿ ಒಂದು ಸ್ಪ್ರಿಂಗು. ಸೆಲ್ಲಿನ ತಳ ಸ್ಪ್ರಿಂಗನ್ನು ಮುಟ್ಟುತ್ತದೆ, ಸ್ಪ್ರಿಂಗು ಮುಚ್ಚಳವನ್ನು, ಮುಚ್ಚಳ ಕೊಳವೆಯನ್ನು. ವಿದ್ಯುತ್ತು ವಾಪಸು ಹೋಗಲು ಬೇರೆ ತಂತಿಯೇ ಬೇಡ, ಟಾರ್ಚಿನ ಮೈಯೇ ತಂತಿ. ಮಧ್ಯೆ ಜಾರುವ ಗುಂಡಿಯೊಂದು ಒಳಗಿನ ಹಿತ್ತಾಳೆ ಪಟ್ಟಿಯನ್ನು ಮುಂದೆ ತಳ್ಳಿದರೆ ದಾರಿ ಪೂರ್ಣವಾಗಿ ದೀಪ ಹತ್ತುತ್ತದೆ. ಇಡೀ ಉಪಕರಣದಲ್ಲಿ ಬೆಸುಗೆಯ ಕೆಲಸ ಬಹಳ ಕಡಿಮೆ. ಬಲ್ಬನ್ನು ತಿರುಗಿಸಿದರೆ ಬಿಚ್ಚುತ್ತದೆ, ಗಾಜು ಬೇರೆ, ಬೋಗುಣಿ ಬೇರೆ, ಮುಚ್ಚಳ ಬೇರೆ. ಏನು ಕೆಟ್ಟಿದೆಯೋ ಅದನ್ನಷ್ಟೇ ಅಂಗಡಿಯಿಂದ ತಂದು ಹಾಕಿದರೆ ಆಯಿತು.

ಹಾಗೆಂದು ಹಿತ್ತಾಳೆ ಎಂಬ ಹೆಸರೊಂದೇ ಗಟ್ಟಿತನದ ಖಾತರಿ ಆಗಿರಲಿಲ್ಲ. ಬ್ರಿಟಿಷರ ಕಾಲದಲ್ಲಿ ಭಾರತದ ಸೇನಾ ಠಾಣೆಗಳಲ್ಲಿ ಒಂದು ವಿಚಿತ್ರ ತೊಂದರೆ ಕಾಣಿಸಿಕೊಂಡಿತ್ತು. ಮಳೆಗಾಲ ಕಳೆಯುವವರೆಗೆ ಕುದುರೆ ಲಾಯಗಳಲ್ಲಿ ಕೂಡಿಟ್ಟ ತೋಟಾಗಳ ಹಿತ್ತಾಳೆ ಕವಚಗಳು ಯಾರೂ ಮುಟ್ಟದೆಯೇ ಸೀಳಿಹೋಗುತ್ತಿದ್ದವು. 1921ರಲ್ಲಿ ಇದರ ಕಾರಣ ಬಿಡಿಸಿದರು. ತಗಡನ್ನು ಎಳೆದು ಕೊಳವೆ ಮಾಡುವಾಗ ಲೋಹದೊಳಗೆ ಸೆಳೆತ ಉಳಿದುಕೊಳ್ಳುತ್ತದೆ. ಕುದುರೆ ಮೂತ್ರದಿಂದ ಎದ್ದ ಅಮೋನಿಯಾ ತೇವದ ಗಾಳಿಯಲ್ಲಿ ಸೇರಿ ಆ ಸೆಳೆತ ಇರುವಲ್ಲೇ ಲೋಹವನ್ನು ಸೀಳುತ್ತದೆ. ಪರಿಹಾರವೂ ಸರಳವಾಗಿತ್ತು. ಎಳೆದ ಮೇಲೆ ಹದವಾಗಿ ಕಾಯಿಸಿದರೆ ಒಳಸೆಳೆತ ಸಡಿಲವಾಗುತ್ತದೆ. ಟಾರ್ಚಿನ ಕೊಳವೆಯೂ ಹೀಗೇ ಎಳೆದು ಮಾಡಿದ ಹಿತ್ತಾಳೆ. ಹಳೆಯ ಸೆಲ್ಲುಗಳೊಳಗೆ ಇದ್ದದ್ದು ಅಮೋನಿಯಂ ಕ್ಲೋರೈಡ್, ಅಂದರೆ ನವಸಾಗರ. ಸೆಲ್ಲು ಸೋರಿದರೆ ಹಿತ್ತಾಳೆಗೆ ಹಸಿರು ಕಿಲುಬು ಹತ್ತುತ್ತಿದ್ದದ್ದು ಅದರಿಂದಲೇ. ಹದವಾಗಿ ಕಾಯಿಸಿ, ದಪ್ಪ ಲೇಪ ಕೊಟ್ಟ ಟಾರ್ಚು ಬಾಳಿತು. ಆ ಕೆಲಸ ಉಳಿಸಿದವರ ಟಾರ್ಚು ಬಾಳಲಿಲ್ಲ. ಇಂದು ನಮ್ಮ ಕೈಗೆ ಸಿಗುವ ಹಳೆಯ ಟಾರ್ಚುಗಳು ಉಳಿದುಕೊಂಡವು ಮಾತ್ರ ಎಂಬುದನ್ನೂ ಮರೆಯಬಾರದು. ಕೆಟ್ಟವು ಗುಜರಿಗೆ ಹೋಗಿ ಎಷ್ಟೋ ಕಾಲವಾಯಿತು.

ಹಳೆಯದರ ದೋಷಗಳ ಪಟ್ಟಿ ಸಣ್ಣದಲ್ಲ. ಅಗ್ಗದ ಸೆಲ್ಲಿನ ಹೊರಗಿನ ಸತುವಿನ ಡಬ್ಬಿಯೇ ಅದರ ಒಂದು ಧ್ರುವ. ಉರಿಯುತ್ತ ಹೋದಂತೆ ಆ ಸತು ಕರಗಿ ತೂತು ಬೀಳುತ್ತದೆ, ಒಳಗಿನ ಅಂಟು ಹೊರಬರುತ್ತದೆ, ಸೆಲ್ಲು ಊದಿಕೊಂಡು ಕೊಳವೆಯೊಳಗೇ ಸಿಕ್ಕಿಕೊಳ್ಳುತ್ತದೆ. ಬೇಸಿಗೆ ರಜೆಯಲ್ಲಿ ಮರೆತಿಟ್ಟ ಟಾರ್ಚನ್ನು ಮಳೆ ಶುರುವಾದಾಗ ತೆಗೆದು, ಸೆಲ್ಲು ಬಿಡಿಸಲು ನೆಲಕ್ಕೆ ಕುಟ್ಟಿದ ನೆನಪು ಬಹಳ ಮನೆಗಳಲ್ಲಿದೆ. ಜಾರುಗುಂಡಿಯ ಪಟ್ಟಿಗೆ ಕಿಲುಬು ಹಿಡಿದರೆ ದೀಪ ಮಿಣುಕುತ್ತಿತ್ತು, ಅಂಗೈಗೆ ನಾಲ್ಕು ಬಾರಿ ತಟ್ಟಬೇಕಿತ್ತು. ಮಳೆನೀರು ತಡೆಯಲು ರಬ್ಬರಿನ ಉಂಗುರ ಹೆಚ್ಚಿನವುಗಳಲ್ಲಿ ಇರಲಿಲ್ಲ. ಉರಿಯುತ್ತಿರುವ ಟಾರ್ಚು ಕೈಜಾರಿ ಬಿದ್ದರೆ ಕಾದ ತಂತಿ ತುಂಡಾಗಿ ಬಲ್ಬು ಹೋಗುತ್ತಿತ್ತು.

ಬೆಳಕಂತೂ ತೀರಾ ಬಡವಾಗಿತ್ತು. ಎರಡು ದೊಡ್ಡ ಸೆಲ್ಲಿನ ಟಾರ್ಚುಗಳಿಗಾಗಿ ಅಮೆರಿಕದಲ್ಲಿ ರೂಢಿಯಲ್ಲಿದ್ದ ಪಿಆರ್2 ಎಂಬ ಬಲ್ಬಿನ ಲೆಕ್ಕ ನೋಡಿ: 2.38 ವೋಲ್ಟು, ಅರ್ಧ ಆಂಪಿಯರು. ಅಂದರೆ ಸುಮಾರು 1.2 ವಾಟ್. ಅದರಿಂದ ಹುಟ್ಟುವ ಬೆಳಕು 10 ಲೂಮೆನ್ನಿನ ಆಸುಪಾಸು, ಬಲ್ಬಿನ ಸರಾಸರಿ ಆಯುಸ್ಸು 15 ಗಂಟೆ. ಸೆಲ್ಲು ಹೊಸದಿರುವಾಗ ಮಾತ್ರ ಇಷ್ಟು ಬೆಳಕು. ತಂತಿ ಬಲ್ಬಿಗೆ ವೋಲ್ಟೇಜು ಐದರಲ್ಲೊಂದು ಪಾಲು ಇಳಿದರೆ ಬೆಳಕು ಅರ್ಧಕ್ಕಿಂತಲೂ ಕೆಳಗೆ ಬೀಳುತ್ತದೆ. ಬಿಳಿ ಹಳದಿಯಾಗಿ, ಹಳದಿ ಕೆಂಪಾಗಿ, ಕೊನೆಗೆ ತಂತಿ ಕೆಂಡದ ಎಳೆಯಂತೆ ಕಾಣುತ್ತಿತ್ತು. ಇದರಲ್ಲೂ ಒಂದು ಉಪಕಾರ ಇತ್ತು ಎನ್ನಬೇಕು. ಸೆಲ್ಲು ಮುಗಿಯುತ್ತಿದೆ ಎಂದು ಟಾರ್ಚು ಮೊದಲೇ ತಿಳಿಸುತ್ತಿತ್ತು, ಮನೆ ಸೇರುವಷ್ಟು ಹೊತ್ತು ಕೊಡುತ್ತಿತ್ತು.

ಈಗ ಆ 15 ಗಂಟೆಯ ಲೆಕ್ಕವನ್ನು ಸ್ವಲ್ಪ ಹಿಡಿದಿಟ್ಟುಕೊಳ್ಳಿ. ಹಳೆಯ ಟಾರ್ಚಿನ ಬಿಚ್ಚುವ ಗುಣ ಎಲ್ಲಿಂದ ಬಂತು ಎಂಬುದಕ್ಕೆ ಉತ್ತರ ಅದರಲ್ಲಿದೆ. ಹದಿನೈದು ಗಂಟೆಗೊಮ್ಮೆ ಬಲ್ಬು ಸಾಯುತ್ತದೆ, ಕೆಲವು ವಾರಕ್ಕೊಮ್ಮೆ ಸೆಲ್ಲು ಸಾಯುತ್ತದೆ ಎಂದಾದರೆ ತಯಾರಕನು ಅವನ್ನು ಬದಲಾಯಿಸುವ ದಾರಿ ಮಾಡಲೇಬೇಕು; ಇಲ್ಲದಿದ್ದರೆ ಟಾರ್ಚನ್ನು ಯಾರೂ ಕೊಳ್ಳುವುದಿಲ್ಲ. ಪದೇ ಪದೇ ಬಿಚ್ಚಿ ಹಾಕುವ ಥ್ರೆಡ್ಡು ಗಟ್ಟಿಯಿರಬೇಕು, ಮುಚ್ಚಳ ಸವೆಯಬಾರದು, ಮೈ ಬಹುಕಾಲ ತಡೆಯಬೇಕು. ಬುಡದ ಮುಚ್ಚಳದೊಳಗೆ ಇನ್ನೊಂದು ಬಲ್ಬನ್ನೇ ಇಟ್ಟು ಮಾರುತ್ತಿದ್ದ ಟಾರ್ಚುಗಳೂ ಇದ್ದವು. ಅಲ್ಪಾಯುಷಿ ಬಲ್ಬು ದೀರ್ಘಾಯುಷಿ ಮೈಯನ್ನು ಕಡ್ಡಾಯ ಮಾಡಿತ್ತು. ಹಳೆಯ ಕಾಲದ ತಯಾರಕರು ನಮಗಿಂತ ಪ್ರಾಮಾಣಿಕರಾಗಿದ್ದರು ಎಂದು ನಾನು ಹೇಳಲಾರೆ. ಪ್ರಾಮಾಣಿಕವಾಗಿ ಕಟ್ಟದೆ ಅವರಿಗೆ ಗತ್ಯಂತರ ಇರಲಿಲ್ಲ.

ಆ ಕಡ್ಡಾಯವನ್ನು ತೆಗೆದುಹಾಕಿದ್ದು ಎಲ್‌ಇಡಿ. ಜಪಾನಿನ ಶೂಜಿ ನಕಮುರಾ 1993ರಲ್ಲಿ ಪ್ರಖರ ನೀಲಿ ಎಲ್‌ಇಡಿಯನ್ನು ಸಾಧ್ಯವಾಗಿಸಿದರು. ಅದರ ಮೇಲೆ ಹಳದಿ ರಂಜಕ ಹಚ್ಚಿ ಬಿಳಿ ಬೆಳಕು ಪಡೆದ ನಿಚಿಯಾ ಕಂಪನಿಯ ಎಲ್‌ಇಡಿ 1996ರಲ್ಲಿ ಬಂತು. ನೀಲಿ ಎಲ್‌ಇಡಿಗಾಗಿ ಇಸಾಮು ಅಕಸಾಕಿ, ಹಿರೋಶಿ ಅಮಾನೊ ಮತ್ತು ನಕಮುರಾ 2014ರಲ್ಲಿ ಭೌತಶಾಸ್ತ್ರದ ನೊಬೆಲ್ ಪಡೆದರು. ತಂತಿ ಬಲ್ಬು ವಾಟಿಗೆ ಹತ್ತು ಲೂಮೆನ್ ಮುಟ್ಟಲು ಹೆಣಗುತ್ತಿತ್ತು. ಇಂದಿನ ಸಾಧಾರಣ ಎಲ್‌ಇಡಿ ವಾಟಿಗೆ ನೂರು ಲೂಮೆನ್ ಕೊಡುತ್ತದೆ. ಮುರಿಯುವ ತಂತಿ ಇಲ್ಲ, ಒಡೆಯುವ ಬುರುಡೆ ಇಲ್ಲ. ತಯಾರಕರು ಸಾಮಾನ್ಯವಾಗಿ ಹೇಳುವ 50,000 ಗಂಟೆ ಆಯುಸ್ಸನ್ನು ಲೆಕ್ಕಕ್ಕೆ ತೆಗೆದುಕೊಂಡರೆ ದಿನಕ್ಕೊಂದು ಗಂಟೆ ಉರಿಸಿದರೂ 130 ವರ್ಷ ದಾಟುತ್ತದೆ. ಕತ್ತಲಲ್ಲಿ ನಡೆಯುವವರಿಗೆ ಇದಕ್ಕಿಂತ ದೊಡ್ಡ ವರ ಬೇರೆ ಬಂದಿಲ್ಲ. ಹಳೆಯ ಟಾರ್ಚಿನ ಮೇಲಿನ ಪ್ರೀತಿಯಲ್ಲಿ ಈ ಸತ್ಯವನ್ನು ಸಣ್ಣದು ಮಾಡಬಾರದು.

ಆದರೆ ಬಲ್ಬು ಬದಲಾಯಿಸುವ ಅಗತ್ಯ ಹೋದೊಡನೆ ತಲೆಯನ್ನು ಬಿಚ್ಚುವಂತೆ ಮಾಡುವ ಅಗತ್ಯವೂ ಹೋಯಿತು. ಚಾರ್ಜಾಗುವ ಬ್ಯಾಟರಿ ಬಂದೊಡನೆ ಬುಡವನ್ನು ಬಿಚ್ಚುವಂತೆ ಮಾಡುವ ಅಗತ್ಯವೂ ಹೋಯಿತು. ಥ್ರೆಡ್ ಇಲ್ಲದ ಎರಡು ಪ್ಲಾಸ್ಟಿಕ್ ಚಿಪ್ಪುಗಳನ್ನು ಎದುರುಬದುರು ಕೂರಿಸಿ ಅಂಟು ಹಾಕಿದರೆ ಟಾರ್ಚು ಸಿದ್ಧ. ಅಚ್ಚು ಒಮ್ಮೆ ಮಾಡಿಕೊಂಡರೆ ಚಿಪ್ಪುಗಳು ಲಕ್ಷಗಟ್ಟಲೆ ಬೀಳುತ್ತವೆ. ತುಟ್ಟಿಯಾದ ಹಿತ್ತಾಳೆ ಬೇಡ, ಲೇಪ ಬೇಡ, ಕಾಯಿಸುವ ಕೆಲಸ ಬೇಡ. ಬೆಲೆ ಇಳಿಯಿತು, ಇನ್ನಷ್ಟು ಮನೆಗಳಿಗೆ ಬೆಳಕು ತಲುಪಿತು. ಅದು ಒಳ್ಳೆಯದೇ. ಕೆಟ್ಟದ್ದು ಒಳಗೆ ಅಡಗಿತ್ತು. ನೂರು ವರ್ಷ ಉರಿಯಬಲ್ಲ ಎಲ್‌ಇಡಿಯ ಜೊತೆಗೇ, ಎರಡು ವರ್ಷ ಬಾಳುವ ಬ್ಯಾಟರಿಯನ್ನೂ ಅದಕ್ಕಿಂತ ಬೇಗ ಸೋಲುವ ಗುಂಡಿಯನ್ನೂ ಚಿಪ್ಪಿನೊಳಗೆ ಮುಚ್ಚಿದರು.

ಮೊದಲು ಬಂದ ಚಾರ್ಜಿಂಗ್ ಟಾರ್ಚುಗಳಲ್ಲಿ ಹೆಚ್ಚಿನವುಗಳ ಒಳಗಿದ್ದದ್ದು 4 ವೋಲ್ಟಿನ ಸೀಸ-ಆಮ್ಲ ಬ್ಯಾಟರಿ. ಈ ಬ್ಯಾಟರಿಯ ಸ್ವಭಾವವೇ ಬೇರೆ. ಚಾರ್ಜು ಇಳಿದ ಸ್ಥಿತಿಯಲ್ಲಿ ಬಿಟ್ಟರೆ ಅದರ ಫಲಕಗಳ ಮೇಲೆ ಸೀಸದ ಸಲ್ಫೇಟು ಗಟ್ಟಿಯಾಗಿ ಕೂತು, ಮುಂದೆ ಎಷ್ಟು ಚಾರ್ಜು ಕೊಟ್ಟರೂ ಹಿಡಿಯುವುದಿಲ್ಲ. ಟಾರ್ಚು ಎಂಬುದು ಮಳೆಗಾಲಕ್ಕೆ ಬಳಸಿ, ಬೇಸಿಗೆಗೆ ಮೂಲೆಗಿಡುವ ವಸ್ತು. ಹೀಗೆ ಇಟ್ಟರೆ ಕೆಡುವ ಬ್ಯಾಟರಿಯನ್ನೇ ಇಂಥ ವಸ್ತುವಿಗೆ ಹಾಕಿ, ತೆಗೆಯಲು ಬಾರದಂತೆ ಮುಚ್ಚಿದ್ದು ವಿನ್ಯಾಸದ ದೋಷ. ಬಳಸುವವರ ಅಜಾಗ್ರತೆ ಎಂದು ಅದನ್ನು ತಳ್ಳಿಹಾಕಲಾಗದು. ಮನೆಯ 230 ವೋಲ್ಟಿನ ಪ್ಲಗ್ಗಿಗೆ ನೇರವಾಗಿ ಸಿಕ್ಕಿಸುವ ಅಗ್ಗದ ಟಾರ್ಚುಗಳ ಒಳಗೆ ಟ್ರಾನ್ಸ್‌ಫಾರ್ಮರ್ ಇರುವುದಿಲ್ಲ. ಒಂದು ಕೆಪಾಸಿಟರು ಮತ್ತು ನಾಲ್ಕು ಡಯೋಡುಗಳಿಂದ ಕೆಲಸ ಸಾಗಿಸಿರುತ್ತಾರೆ. ಅಂಥದ್ದು ಚಾರ್ಜಿಗೆ ಇಟ್ಟಿರುವಾಗ ಚಿಪ್ಪು ಬಿರುಕು ಬಿಟ್ಟಿದ್ದರೆ ಒಳಗಿನ ತಂತಿ ಮುಟ್ಟಿದವರಿಗೆ ಮನೆ ಲೈನಿನ ಪೂರ್ತಿ ಹೊಡೆತವೇ ತಗಲಬಹುದು. ಮಕ್ಕಳಿರುವ ಮನೆಯಲ್ಲಿ ಬಿರುಕು ಬಿಟ್ಟ ಇಂಥ ಟಾರ್ಚನ್ನು ಒಂದು ದಿನವೂ ಇಟ್ಟುಕೊಳ್ಳಬೇಡಿ.

ಈಗಿನವುಗಳಲ್ಲಿ ಲಿಥಿಯಂ ಸೆಲ್ಲು, ಯುಎಸ್‌ಬಿ ಚಾರ್ಜಿಂಗ್. ಇದು ನಿಜವಾದ ಮುನ್ನಡೆ. 18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದ ಇರುವುದರಿಂದ 18650 ಎಂದೇ ಕರೆಯುವ ಸೆಲ್ಲು ಹಗುರ, ಇಟ್ಟಲ್ಲೇ ಚಾರ್ಜು ಸೋರುವುದು ಕಡಿಮೆ, ಐನೂರರ ಆಸುಪಾಸು ಬಾರಿ ಚಾರ್ಜಾಗಬಲ್ಲದು. ಆದರೆ 4.2 ವೋಲ್ಟು ಮೀರದಂತೆ ತುಂಬಿಸುವ, ತೀರಾ ಕೆಳಗಿಳಿಯದಂತೆ ಕಡಿಯುವ ಕಾವಲು ಸರ್ಕಿಟ್ ಅದಕ್ಕೆ ಬೇಕೇ ಬೇಕು. ಬೆಲೆ ಉಳಿಸುವ ಭರದಲ್ಲಿ ಮೊದಲು ಬಿಟ್ಟುಹೋಗುವುದು ಅದೇ. ಸೆಲ್ಲಿನ ಮೈಮೇಲೆ ಬರೆದ ಸಂಖ್ಯೆಯನ್ನೂ ಪರೀಕ್ಷಿಸಿ ನಂಬಬೇಕು. ಈ ಅಳತೆಯ ಒಳ್ಳೆಯ ಸೆಲ್ಲುಗಳು ಹಿಡಿಯುವುದು ಮೂರೂವರೆ ಸಾವಿರ ಮಿಲಿಆಂಪಿಯರ್-ಗಂಟೆಯ ಸುತ್ತಮುತ್ತ. ಒಂದೇ ಸೆಲ್ಲಿನ ಮೇಲೆ 9,900 ಎಂದು ಮುದ್ರಿಸಿದ್ದರೆ ಅದು ಸುಳ್ಳು. ಮೊದಲ ಪುಟದಲ್ಲೇ ಸುಳ್ಳು ಹೇಳಿದವರು ಒಳಗಿನ ಕೆಲಸ ಸರಿಯಾಗಿ ಮಾಡಿರುತ್ತಾರೆ ಎಂದು ನಂಬಲು ಕಾರಣವಿಲ್ಲ.

ಮೈಕಟ್ಟಿನ ಚರ್ಚೆಯಲ್ಲಿ ಬಹಳ ಜನರ ಗಮನಕ್ಕೆ ಬಾರದ ಸಂಗತಿಯೆಂದರೆ ಶಾಖ. ತಂತಿ ಬಲ್ಬು ತನ್ನ ಶಾಖದ ಹೆಚ್ಚಿನ ಪಾಲನ್ನು ಕಣ್ಣಿಗೆ ಕಾಣದ ಕಿರಣವಾಗಿ ಮುಂದಕ್ಕೇ ಎಸೆಯುತ್ತದೆ. ಟಾರ್ಚಿನ ಗಾಜಿನ ಮುಂದೆ ಅಂಗೈ ಹಿಡಿದರೆ ಬೆಚ್ಚಗಾಗುತ್ತಿದ್ದದ್ದು ಅದಕ್ಕೆ. ಎಲ್‌ಇಡಿಯ ಬೆಳಕು ತಣ್ಣಗಿರುತ್ತದೆ, ಶಾಖ ಮಾತ್ರ ಅದರ ಬೆನ್ನಿನಲ್ಲಿ ಉಳಿಯುತ್ತದೆ. ಅದಕ್ಕೆ ಕೊಟ್ಟ ವಿದ್ಯುತ್ತಿನಲ್ಲಿ ಅರ್ಧಕ್ಕಿಂತ ಹೆಚ್ಚು ಹೀಗೆ ಶಾಖವಾಗುತ್ತದೆ, ಅದು ಹೊರಹೋಗಲು ಲೋಹದ ದಾರಿ ಬೇಕು. ಒಳ್ಳೆಯ ಟಾರ್ಚಿನಲ್ಲಿ ಎಲ್‌ಇಡಿಯನ್ನು ತಾಮ್ರ ಅಥವಾ ಅಲ್ಯೂಮಿನಿಯಂ ಫಲಕದ ಮೇಲೆ ಬೆಸೆದು, ಆ ಫಲಕವನ್ನು ಲೋಹದ ಮೈಗೆ ಒತ್ತಿ ಕೂರಿಸುತ್ತಾರೆ. ಶಾಖ ಮೈಗೆ ಹರಿದು, ಮೈಯಿಂದ ನಮ್ಮ ಕೈಗೂ ಗಾಳಿಗೂ ಹೋಗುತ್ತದೆ.

ಲೋಹದ ಮೈಯ ಅಗತ್ಯ ಹಿಂದಿಗಿಂತ ಹೆಚ್ಚಾದದ್ದು ಹೊಸ ಕಾಲದಲ್ಲೇ ಎಂದು ಇದರಿಂದ ತಿಳಿಯುತ್ತದೆ. ಅದೇ ಹೊತ್ತಿಗೆ ಲೋಹವನ್ನು ತೆಗೆದುಹಾಕಿದ್ದೇವೆ. ಪ್ಲಾಸ್ಟಿಕ್ಕಿಗೆ ಶಾಖ ಹರಿಸುವ ಶಕ್ತಿ ತೀರಾ ಕಡಿಮೆ. ಅರ್ಧ ವಾಟಿನ ಪುಟ್ಟ ಟಾರ್ಚಿಗೆ ಪ್ಲಾಸ್ಟಿಕ್ಕೇ ಸಾಕು, ಅದನ್ನು ತೆಗಳುವಂತಿಲ್ಲ. ಮೂರು, ಐದು ವಾಟಿನ ಎಲ್‌ಇಡಿಯನ್ನು ಪ್ಲಾಸ್ಟಿಕ್ ತಲೆಯೊಳಗೆ ಕೂರಿಸಿದಾಗ ಶಾಖ ಅಲ್ಲೇ ಕೂಡಿಬೀಳುತ್ತದೆ. ಹತ್ತಿಸಿದಾಗ ಕಣ್ಣು ಕುಕ್ಕುವ ಬೆಳಕು ಕೆಲವು ನಿಮಿಷದಲ್ಲಿ ಮಂಕಾಗುತ್ತದೆ. ತಿಂಗಳುಗಳು ಕಳೆದಂತೆ ರಂಜಕದ ಬಣ್ಣ ಕೆಡುತ್ತದೆ, ಬೆಸುಗೆ ಬಿಡುತ್ತದೆ. 50,000 ಗಂಟೆಯ ಮಾತು ತಂಪಾಗಿಟ್ಟ ಎಲ್‌ಇಡಿಗೆ ಮಾತ್ರ ಅನ್ವಯಿಸುತ್ತದೆ ಎಂಬುದನ್ನು ಡಬ್ಬಿಯ ಮೇಲೆ ಬರೆಯುವುದಿಲ್ಲ.

ಬಿಚ್ಚುವ ಮೈಯ ಲಾಭ ಏನು ಎಂಬುದಕ್ಕೆ ಅಮೆರಿಕದ ಮ್ಯಾಗ್‌ಲೈಟ್ ಒಳ್ಳೆಯ ಉದಾಹರಣೆ. ಆ್ಯಂಟನಿ ಮ್ಯಾಗ್ಲಿಕಾ ಅವರ ಕ್ಯಾಲಿಫೋರ್ನಿಯಾದ ಕಾರ್ಖಾನೆ 1979ರಲ್ಲಿ ಅಲ್ಯೂಮಿನಿಯಂ ಮೈಯ ಟಾರ್ಚನ್ನು ಮಾರುಕಟ್ಟೆಗೆ ತಂದಿತು. ಮೈಯನ್ನು ಲೇತಿನಲ್ಲಿ ಕಡೆದು, ಮೇಲ್ಮೈಯನ್ನು ಆನೊಡೈಸ್ ಮಾಡಿ, ಸಂದುಗಳಿಗೆ ರಬ್ಬರ್ ಉಂಗುರ ಹಾಕಿದ್ದರು. ಅಲ್ಲಿನ ಪೊಲೀಸರ ಸೊಂಟದಲ್ಲಿ ಅದು ದಶಕಗಳ ಕಾಲ ತೂಗಿತು. ಎಲ್‌ಇಡಿ ಬಂದಾಗ ಆ ಕಂಪನಿ ಹಳೆಯ ಟಾರ್ಚುಗಳಿಗೇ ಕೂರುವ ಎಲ್‌ಇಡಿ ಘಟಕವನ್ನು ಪ್ರತ್ಯೇಕವಾಗಿ ಮಾರಿತು. ಎಂಬತ್ತರ ದಶಕದಲ್ಲಿ ಕೊಂಡ ಮೈಗೆ ಹೊಸ ಶತಮಾನದ ದೀಪ ಬಂತು. ಅದರ ಹೊಸ ಮಾದರಿಗಳು ಹಳೆಯವಕ್ಕಿಂತ ಹಗುರ, ಗಿಡ್ಡ. ಬೆಳಕು ಹಲವು ಪಟ್ಟು. ತೂಕ ಇಳಿದರೆ ಗುಣ ಇಳಿದಂತೆ ಎಂದು ಹಳೆಯದರ ಅಭಿಮಾನಿಗಳು ಕೊರಗುವುದುಂಟು. ನನ್ನ ಮಟ್ಟಿಗೆ ಅದು ಸರಿಯಾದ ಅಳತೆ ಅನಿಸುವುದಿಲ್ಲ. ಥ್ರೆಡ್ಡು ಉಳಿದಿದೆಯೇ, ಉಂಗುರ ಉಳಿದಿದೆಯೇ, ಸೆಲ್ಲು ನಮ್ಮ ಕೈಯಿಂದ ಬದಲಾಗುತ್ತದೆಯೇ ಎಂದು ನೋಡಬೇಕು. ಇವು ಉಳಿದಿದ್ದರೆ ಹಗುರವಾದದ್ದು ಸುಧಾರಣೆಯೇ ಸರಿ.

ನಮ್ಮ ಹಿತ್ತಾಳೆ ಟಾರ್ಚುಗಳಿಗೂ ಈ ಭಾಗ್ಯ ಇದೆ. ಮೂರು ವೋಲ್ಟಿಗೆ ಹೊಂದುವ, ಹಳೆಯ ಬಲ್ಬಿನ ಹೋಲ್ಡರಿಗೇ ಕೂರುವ ಎಲ್‌ಇಡಿ ಬಲ್ಬುಗಳು ಮಾರಾಟದಲ್ಲಿವೆ. ಕೊಳ್ಳುವಾಗ ಬುಡ ತಿರುಪಿನದೋ ಅಂಚಿನದೋ ಎಂದು ಹಳೆಯ ಬಲ್ಬನ್ನು ಜೊತೆಗಿಟ್ಟು ನೋಡಿ. ಎಲ್‌ಇಡಿಗೆ ಧನ-ಋಣ ದಿಕ್ಕು ಮುಖ್ಯವಾದ್ದರಿಂದ ಸೆಲ್ಲುಗಳ ಮೂತಿ ಬಲ್ಬಿನ ಕಡೆಗೇ ಇರಬೇಕು. ಕೊಳವೆಯ ಒಳಗಿನ ಕಿಲುಬನ್ನೂ ಗುಂಡಿಯ ಪಟ್ಟಿಯನ್ನೂ ಎಮರಿ ಕಾಗದದಿಂದ ಉಜ್ಜಿ, ಒಳ್ಳೆಯ ಸೆಲ್ಲು ಹಾಕಿ. ಕೆಲಸ ಇಲ್ಲದ ತಿಂಗಳುಗಳಲ್ಲಿ ಸೆಲ್ಲು ಹೊರಗಿಡಿ. ಅಜ್ಜನ ಕಾಲದ ಮೈ, ಮೊಮ್ಮಗನ ಕಾಲದ ಬೆಳಕು ಎರಡೂ ಕೂಡಿದ ಟಾರ್ಚು ಹಾಗೆ ಸಿಗುತ್ತದೆ.

ಹೊಸದನ್ನೇ ಕೊಳ್ಳುವವರಿಗೆ ಬೆಳಕಿನ ಲೆಕ್ಕವನ್ನು ಓದುವ ಕ್ರಮ ತಿಳಿದಿರಬೇಕು. ಟಾರ್ಚುಗಳನ್ನು ಅಳೆಯಲು ಅಮೆರಿಕದಲ್ಲಿ 2009ರಲ್ಲಿ ಎಫ್‌ಎಲ್1 ಎಂಬ ಮಾನದಂಡ ಬಂತು. ಹೆಸರಾಂತ ತಯಾರಕರು ಎಲ್ಲೆಡೆ ಅದನ್ನು ಬಳಸುತ್ತಾರೆ. ಅದರ ಪ್ರಕಾರ ಬೆಳಕನ್ನು ಗುಂಡಿ ಒತ್ತಿದ ಕ್ಷಣದಲ್ಲಿ ಅಳೆಯುವಂತಿಲ್ಲ, ಕನಿಷ್ಠ 30 ಸೆಕೆಂಡು ಉರಿದ ಮೇಲೆ ಅಳೆಯಬೇಕು. ಬಾಳಿಕೆಯ ಹೊತ್ತು ಎಂದರೆ ಬೆಳಕು ಮೊದಲಿನ ಶೇ 10ಕ್ಕೆ ಇಳಿಯುವವರೆಗಿನ ಸಮಯ. ಬಿದ್ದರೆ ತಡೆಯುತ್ತದೆ ಎನ್ನಲು ಕಾಂಕ್ರೀಟ್ ನೆಲಕ್ಕೆ ಕನಿಷ್ಠ ಒಂದು ಮೀಟರ್ ಎತ್ತರದಿಂದ ಮತ್ತೆ ಮತ್ತೆ ಬೀಳಿಸಿ ನೋಡಿರಬೇಕು. ಬೆಳಕು ತಲುಪುವ ದೂರ ಎಂದರೆ ನೆಲದ ಮೇಲೆ ಕಾಲು ಲಕ್ಸ್, ಹೆಚ್ಚು ಕಡಿಮೆ ಹುಣ್ಣಿಮೆಯಷ್ಟು ಬೆಳಕು ಬೀಳುವ ದೂರ.

ಈ ಕೊನೆಯ ನಿಯಮ ಕೈಯಲ್ಲಿದ್ದರೆ ಸಂತೆಯ ಸುಳ್ಳನ್ನು ಸಂತೆಯಲ್ಲೇ ಹಿಡಿಯಬಹುದು. ದೂರ ಎರಡು ಪಟ್ಟಾಗಲು ಬೆಳಕಿನ ತೀವ್ರತೆ ನಾಲ್ಕು ಪಟ್ಟಾಗಬೇಕು. 200 ಮೀಟರಿಗೆ 10,000 ಕ್ಯಾಂಡೆಲಾ ಸಾಕು, ಒಂದು ಕಿಲೋಮೀಟರಿಗೆ ಎರಡೂವರೆ ಲಕ್ಷ ಬೇಕು, ಐದು ಕಿಲೋಮೀಟರಿಗೆ ಅರುವತ್ತೆರಡೂವರೆ ಲಕ್ಷ. ಅಂಗೈಯಗಲದ ಪ್ಲಾಸ್ಟಿಕ್ ಟಾರ್ಚಿನ ಡಬ್ಬಿಯ ಮೇಲೆ ಐದು ಕಿಲೋಮೀಟರ್ ಎಂದಿದ್ದರೆ ಇನ್ನು ಲೆಕ್ಕ ಹಾಕುವ ಅಗತ್ಯವಿಲ್ಲ.

ಅಂಗಡಿಯಲ್ಲಿ ನಿಂತೇ ಮಾಡಬಹುದಾದ ಪರೀಕ್ಷೆಗಳೂ ಇವೆ. ಬುಡದ ಮುಚ್ಚಳ ತಿರುಗಿಸಿ. ಒಂದೂವರೆ ಸುತ್ತಿಗೇ ಕಳಚಿ ಬಂದರೆ ಥ್ರೆಡ್ಡು ಸಾಲದು. ಹಲವು ಸುತ್ತು, ಎಲ್ಲೂ ತಡೆಯದೆ, ಅಲುಗಾಡದೆ ತಿರುಗಿದರೆ ಕೆಲಸ ಅಚ್ಚುಕಟ್ಟು. ಥ್ರೆಡ್ಡಿನ ಪಕ್ಕ ರಬ್ಬರ್ ಉಂಗುರ ಇದೆಯೇ ನೋಡಿ. ಗುಂಡಿಯನ್ನು ಹತ್ತಾರು ಬಾರಿ ಒತ್ತಿ, ಪ್ರತಿ ಬಾರಿಯೂ ಒಂದೇ ಬಗೆಯಾಗಿ ಕೂರುತ್ತದೆಯೇ ಗಮನಿಸಿ. ಟಾರ್ಚನ್ನು ಅಲುಗಾಡಿಸಿ, ಒಳಗೆ ಕಟಕಟ ಸದ್ದು ಬಾರದಿರಲಿ. ಪೂರ್ತಿ ಬೆಳಕಿನಲ್ಲಿ ಐದು ನಿಮಿಷ ಉರಿಸಿ ತಲೆಯ ಭಾಗ ಮುಟ್ಟಿ. ಲೋಹದ ಮೈ ಬೆಚ್ಚಗಾದರೆ ಒಳ್ಳೆಯ ಲಕ್ಷಣ, ಶಾಖ ಹೊರಗೆ ಬರುತ್ತಿದೆ ಎಂದರ್ಥ. ಪ್ರಖರ ಬೆಳಕು ಕೊಡುತ್ತಲೂ ತಣ್ಣಗೇ ಉಳಿದರೆ ಶಾಖ ಒಳಗೇ ಸಿಕ್ಕಿಕೊಂಡಿದೆ. ಕೊನೆಗೆ ಅಂಗಡಿಯವರನ್ನು ಕೇಳಿ: “ಇದರ ಸೆಲ್ಲು ಹೋದರೆ ಬೇರೆ ಹಾಕೋಕೆ ಆಗುತ್ತಾ? ಆ ಸೆಲ್ಲು ನಿಮ್ಮಲ್ಲಿ ಸಿಗುತ್ತಾ?” ಎರಡಕ್ಕೂ ಹೌದು ಎಂಬ ಉತ್ತರ ಬಂದರೆ ನೂರು ರೂಪಾಯಿ ಹೆಚ್ಚು ಕೊಟ್ಟರೂ ನಷ್ಟವಿಲ್ಲ.

ಪ್ರಶ್ನೆ ಕೇಳುವ ಹೊಣೆಯನ್ನು ಕೊಳ್ಳುವವರ ಮೇಲಷ್ಟೇ ಹೊರಿಸಿದರೆ ಸಾಲದು. ಸೂರಿನ ಒಂದು ಹೆಂಚು ಒಡೆದದ್ದಕ್ಕೆ ಮನೆಯನ್ನೇ ಕೆಡವುವ ಹಾಗೆ, ಒಂದು ಸೆಲ್ಲು ಸತ್ತದ್ದಕ್ಕೆ ಇಡೀ ಟಾರ್ಚನ್ನು ಬಿಸಾಡುವ ವ್ಯವಸ್ಥೆ ನಡೆದಿದೆ. ಅದು ಬಡವರ ಜೇಬಿಗೂ ಹೊರೆ, ನೆಲಕ್ಕೂ ವಿಷ. ಹಳ್ಳಿಯ ತಿಪ್ಪೆಗೆ ಬೀಳುವ ಸೀಸವೂ ಲಿಥಿಯಂ ಸೆಲ್ಲೂ ಅಲ್ಲಿಗೇ ಸುಮ್ಮನಾಗುವುದಿಲ್ಲ. ಬ್ಯಾಟರಿ ತ್ಯಾಜ್ಯಕ್ಕೆ ತಯಾರಕರನ್ನೇ ಹೊಣೆ ಮಾಡುವ ನಿಯಮಗಳನ್ನು ಕೇಂದ್ರ ಸರ್ಕಾರ 2022ರಲ್ಲಿ ತಂದಿದೆ. ಅದೇ ವರ್ಷದ ಡಿಸೆಂಬರಿನಲ್ಲಿ ಗ್ರಾಹಕ ವ್ಯವಹಾರಗಳ ಇಲಾಖೆ ದುರಸ್ತಿಯ ಹಕ್ಕಿಗಾಗಿ ಪೋರ್ಟಲ್ ತೆರೆಯಿತು. ಮೊಬೈಲ್ ಮತ್ತು ಎಲೆಕ್ಟ್ರಾನಿಕ್ಸ್, ಗೃಹಬಳಕೆ ಯಂತ್ರ, ವಾಹನ, ಕೃಷಿ ಉಪಕರಣ ಎಂಬ ನಾಲ್ಕು ಕ್ಷೇತ್ರಗಳು ಅದರ ಗುರಿ. ಯುರೋಪಿಯನ್ ಒಕ್ಕೂಟ ಇನ್ನೂ ಮುಂದೆ ಹೋಗಿ, ಸಣ್ಣ ಉಪಕರಣಗಳ ಬ್ಯಾಟರಿಯನ್ನು ಬಳಕೆದಾರರೇ ತೆಗೆದು ಬದಲಾಯಿಸುವಂತಿರಬೇಕು ಎಂಬ ನಿಯಮವನ್ನು, ಕೆಲವು ವಿನಾಯಿತಿಗಳೊಂದಿಗೆ, 2027ರ ಫೆಬ್ರುವರಿಯಿಂದ ಜಾರಿಗೆ ಗೊತ್ತುಪಡಿಸಿದೆ.

ರಾತ್ರಿ ನೀರು ಕಟ್ಟುವ ರೈತನಿಗೆ ಟಾರ್ಚು ಗುದ್ದಲಿಯಷ್ಟೇ ಕೃಷಿ ಉಪಕರಣ. ದುರಸ್ತಿಯ ಹಕ್ಕಿನ ಪಟ್ಟಿಯಲ್ಲಿ ಟ್ರ್ಯಾಕ್ಟರಿಗೆ ಇರುವ ಜಾಗ ಅದಕ್ಕೂ ಸಿಗಬೇಕು. ಡಬ್ಬಿಯ ಮೇಲೆ ಮೂರು ಸಂಗತಿ ಕಡ್ಡಾಯವಾದರೆ ಸಾಕು: ಅರ್ಧ ನಿಮಿಷ ಉರಿದ ಮೇಲಿನ ಬೆಳಕೆಷ್ಟು, ಎಷ್ಟು ಹೊತ್ತು ಉರಿಯುತ್ತದೆ, ಸೆಲ್ಲು ಬದಲಾಯಿಸಬಹುದೇ ಇಲ್ಲವೇ. ಹಿಂದೆ ಹದಿನೈದು ಗಂಟೆಯ ಬಲ್ಬು ತಯಾರಕರನ್ನು ಗಟ್ಟಿ ಟಾರ್ಚು ಕಟ್ಟುವಂತೆ ಮಾಡಿತು. ಈಗ ಆ ಬಲ್ಬಿಲ್ಲ. ಅದು ಮಾಡುತ್ತಿದ್ದ ಒತ್ತಾಯವನ್ನು ಇನ್ನು ಮುಂದೆ ನಿಯಮವೂ, ಕೊಳ್ಳುವ ನಾವೂ ಸೇರಿ ಮಾಡಬೇಕಾಗಿದೆ.